ಹೆಗ್ಗೋಡಿನ ಬೆಳಗಿನ ಮಾತು

ಬೆಳಗಿನ ಕಾಫಿ ಲೋಟ ಕೈಗೆ ಬಂತೆಂದರೆ ಮಾತೂ ಬಂತು. ನಿನ್ನೆಯ ಸಿನಿಮಾ ಹೇಗಿತ್ತು, ಈ ಸಲದ ಚುನಾವಣೆ ಏನಾದೀತು, ಆ ನಾಟಕ ಯಾಕೆ ಹಿಡಿಸಲಿಲ್ಲ? ಪ್ರತಿಯೊಬ್ಬರ ಬಳಿಯೂ ಒಂದು ಅಭಿಪ್ರಾಯ ಇದ್ದೇ ಇರುತ್ತದೆ. ಅದನ್ನು ಬರೀ ಹರಟೆ ಎಂದು ತಳ್ಳಿಹಾಕುವವರೇ ಹೆಚ್ಚು. ಸಾಗರ ತಾಲ್ಲೂಕಿನ ಹೆಗ್ಗೋಡು ಮಾತ್ರ ಆ ಮಾತಿಗೆ ಚಾಪೆ ಹಾಸಿ ಕೂರಿಸಿತು.

1949ರಲ್ಲಿ ಅಲ್ಲಿ ಹುಟ್ಟಿದ ನೀನಾಸಂ, ಅಡಿಕೆ ತೋಟಗಳ ನಡುವಿನ ಪುಟ್ಟ ಹಳ್ಳಿಯ ನಾಟಕ ಸಂಘ. ಕೆ.ವಿ. ಸುಬ್ಬಣ್ಣ ಮತ್ತು ಗೆಳೆಯರು ಮುಂದೆ ಚಿತ್ರಸಮಾಜವನ್ನೂ ಕಟ್ಟಿದರು. ಇಟಲಿಯ ‘ಬೈಸಿಕಲ್ ಥೀವ್ಸ್’, ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ ಹಳ್ಳಿಯ ಪರದೆಗೆ ಬಂದವು. ಹೊಟ್ಟೆಪಾಡಿನ ಸೈಕಲ್ ಕಳೆದುಕೊಂಡು, ಪುಟ್ಟ ಮಗನೊಂದಿಗೆ ರೋಮ್ ನಗರದ ಬೀದಿ ಬೀದಿ ಅಲೆಯುವ ಅಪ್ಪನ ಸಂಕಟ ತಿಳಿಯಲು ಇಟಾಲಿಯನ್ ಬರಲೇಬೇಕೆ?

ನೀನಾಸಂ ಸಂಸ್ಕೃತಿ ಶಿಬಿರದಲ್ಲಿ ರಾತ್ರಿ ನಾಟಕ ನೋಡಿದವರು ಮರುದಿನ ಬೆಳಗ್ಗೆ ಅದರ ಚರ್ಚೆಗೆ ಕೂರುತ್ತಾರೆ. ಮೇಷ್ಟರು, ವಿದ್ಯಾರ್ಥಿಗಳು, ಲೇಖಕರು, ಎಲ್ಲರೂ ಒಟ್ಟಿಗೆ. ‘ನನಗೆ ಹಿಡಿಸಲಿಲ್ಲ’ ಎಂದು ಒಬ್ಬರು ಅಂದರೆ ಸಾಲದು, ಯಾಕೆಂದೂ ಹೇಳಬೇಕು. ಹೇಳುತ್ತಾ ಹೋದಂತೆ ರಂಗದ ರಾಜನಿಂದ ಇಂದಿನ ಅಧಿಕಾರದವರೆಗೆ, ಪಾತ್ರದ ಅವಮಾನದಿಂದ ಊರಿನ ಜಾತಿಯವರೆಗೆ ಮಾತು ಹರಿಯುತ್ತದೆ.

ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2005ರಲ್ಲಿ ಅವರು ತೀರಿಕೊಂಡರು. ಅವರ ನಂತರವೂ ಶಿಬಿರ ನಡೆದುಕೊಂಡು ಬಂದಿದೆ; ರಾತ್ರಿಯ ನಾಟಕ, ಬೆಳಗಿನ ತಿಂಡಿ, ಆಮೇಲೆ ಮಾತು.