ಬೇರೆ ರಾಜ್ಯಕ್ಕೆ ಹೊರಟ ನರ್ಸ್ ಮತ್ತು ನಾವು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಾಫ್ಟ್‌ವೇರ್ ಕ್ಷೇತ್ರದ ಅವಕಾಶಗಳ ಬಗ್ಗೆ ಮಾತನಾಡಿ ಎಂದು ಸಂಘಟಕರು ಕೇಳಿದ್ದರು. ಆ ವಿಷಯ ಹೇಳುವವರು ಈಗ ಮನೆಗೊಬ್ಬರಿದ್ದಾರೆ. ಅವರ ಒಪ್ಪಿಗೆ ಪಡೆದು ಬೇರೊಂದು ವಿಷಯ ಆರಿಸಿಕೊಂಡಿದ್ದೇನೆ. ಇದೇ ಶಾಲೆಯಲ್ಲಿ ನನಗಿಂತ ನಾಲ್ಕು ವರ್ಷ ಮುಂದೆ ಓದಿದ ನನ್ನ ಅಕ್ಕ ನರ್ಸ್. ಜಿ.ಎನ್.ಎಂ. ಮುಗಿಸಿ ಕೆಲವು ವರ್ಷ ಇಲ್ಲೇ ದುಡಿದು, ಮದುವೆಯಾದ ಮೇಲೆ ಮಹಾರಾಷ್ಟ್ರಕ್ಕೆ ಹೋದಳು. ಇಲ್ಲಿ ಕುಳಿತಿರುವ ಹೆಣ್ಣುಮಕ್ಕಳಲ್ಲಿ ಹಲವರು ಅದೇ ದಾರಿ ಹಿಡಿಯಬಹುದು. ಗಂಡುಮಕ್ಕಳೂ ಈಗ ಈ ಓದಿಗೆ ಬರುತ್ತಿದ್ದಾರೆ. ಅವರಿಗೆ ಉಪಯೋಗವಾಗಲಿ ಎಂದು ಈ ಮಾತು.

ಊರು ಬಿಡುವುದು ನಮಗೆ ಹೊಸತಲ್ಲ. ಸಾಲಿಗ್ರಾಮ, ಕೋಟ, ಕುಂದಾಪುರದ ಹುಡುಗರು ಬೊಂಬಾಯಿಗೆ ಹೋಗಿ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದ ಕಥೆ ಪ್ರತಿ ಮನೆಯಲ್ಲೂ ಇದೆ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ ಮೇಲೆ ಕುಂದಾಪುರದಲ್ಲಿ ಸಂಜೆ ಹತ್ತಿದರೆ ಬೆಳಗಾಗುವಾಗ ಮುಂಬೈ. ಹೋಟೆಲಿಗೆ ಹೋದವನಿಗೆ ಬೇಕಾಗಿದ್ದದ್ದು ಪರಿಚಯದವರ ಒಂದು ಚೀಟಿ. ಬಿ.ಇ. ಮುಗಿಸಿದ ನಾನು ಬೆಂಗಳೂರಿನಿಂದ ಪುಣೆಗೆ ಹೋದಾಗ ಬೇಕಾಗಿದ್ದದ್ದು ಒಂದು ಲ್ಯಾಪ್‌ಟಾಪ್. ಯಾವ ಸರಕಾರವೂ ನನ್ನನ್ನು ಏನೂ ಕೇಳಲಿಲ್ಲ. ನರ್ಸ್‌ಗೆ ಹಾಗಲ್ಲ. ಆಕೆ ರಾಜ್ಯದ ಗಡಿ ದಾಟಿದರೆ ಆಕೆಯ ಹೆಸರೂ ಒಂದು ದಾಖಲೆ ಪುಸ್ತಕದಿಂದ ಇನ್ನೊಂದಕ್ಕೆ ದಾಟಬೇಕು.

ನರ್ಸಿಂಗ್ ಓದಿದವರೆಲ್ಲ ಕೆಲಸ ಮಾಡುವ ಮೊದಲು ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಬೇಕು. ನಮ್ಮದು ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್. ಪಕ್ಕದ ಕೇರಳಕ್ಕೆ, ಮಹಾರಾಷ್ಟ್ರಕ್ಕೆ ಅವರವರದೇ ಕೌನ್ಸಿಲ್ ಇದೆ. 1947ರ ಭಾರತೀಯ ನರ್ಸಿಂಗ್ ಕೌನ್ಸಿಲ್ ಕಾಯ್ದೆ ಮಾನ್ಯತೆ ಪಡೆದ ಓದನ್ನು ಎಲ್ಲ ರಾಜ್ಯಗಳೂ ಒಪ್ಪುವ ವ್ಯವಸ್ಥೆ ಮಾಡಿತು. ಆದರೆ ನೋಂದಣಿ ತಾನಾಗಿ ಹಿಂದೆ ಬರುವುದಿಲ್ಲ. ನಮ್ಮ ಕೌನ್ಸಿಲ್‌ನಿಂದ ನಿರಾಕ್ಷೇಪಣಾ ಪತ್ರ ಪಡೆದು, ಹೊಸ ರಾಜ್ಯದಲ್ಲಿ ಅರ್ಜಿ ಹಾಕಿ, ಪರಿಶೀಲನೆ ಮುಗಿದ ಮೇಲೆ ಆ ರಾಜ್ಯದ ನೋಂದಣಿ ಸಿಗುತ್ತದೆ. ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಎನ್.ಆರ್.ಟಿ.ಎಸ್. ಎಂಬ ಗಣಕ ವ್ಯವಸ್ಥೆಯಲ್ಲಿ ಪ್ರತಿ ನರ್ಸ್‌ಗೆ ಒಂದು ವಿಶಿಷ್ಟ ಸಂಖ್ಯೆಯನ್ನೂ ಕೊಡುತ್ತಾರೆ. 2023ರಲ್ಲಿ ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗ ಕಾಯ್ದೆ ಇಡೀ ದೇಶಕ್ಕೆ ಒಂದು ರಾಷ್ಟ್ರೀಯ ದಾಖಲೆ ಇರಬೇಕೆಂದು ಹೇಳಿದೆ.

ಅಕ್ಕನ ಅರ್ಜಿಗಳನ್ನು ತುಂಬಿದವನು ನಾನೇ. ಎಲ್ಲವೂ ಸರಿಯಿತ್ತು, ಹೆಸರೊಂದನ್ನು ಬಿಟ್ಟು. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಹೆಸರು ಮತ್ತು ಇನಿಶಿಯಲ್. ಆಧಾರ್‌ನಲ್ಲಿ ಹೆಸರಿನ ಮುಂದೆ ಅಪ್ಪಯ್ಯನ ಪೂರ್ತಿ ಹೆಸರು. ಮದುವೆಯ ನಂತರ ಬ್ಯಾಂಕಿನಲ್ಲಿ ಗಂಡನ ಕುಲನಾಮ. ಗಣಕಯಂತ್ರಕ್ಕೆ ಇವರು ಮೂವರು ಬೇರೆ ಬೇರೆ ಹೆಂಗಸರು. ಮೂವರೂ ಒಬ್ಬಳೇ ಎಂದು ತೋರಿಸಲು ಪ್ರಮಾಣಪತ್ರ ಮಾಡಿಸಿ, ಓಡಾಡಿ, ನಾಲ್ಕು ತಿಂಗಳು ಹೋಯಿತು. ಅಷ್ಟು ದಿನ ಹದಿನೈದು ಜನರ ವಾರ್ಡನ್ನು ಒಬ್ಬಳೇ ನೋಡಿಕೊಳ್ಳಬಲ್ಲ ಹೆಂಗಸು ಬಾಡಿಗೆ ಮನೆಯಲ್ಲಿ ಸುಮ್ಮನೆ ಕುಳಿತಿದ್ದಳು.

ಮಕ್ಕಳೇ, ನಿಮ್ಮ ಜೀವನದ ಎಲ್ಲ ದಾಖಲೆಗಳ ಬೇರು ಈ ಶಾಲೆಯ ದಾಖಲಾತಿ ಪುಸ್ತಕದಲ್ಲಿದೆ. ಹತ್ತನೆಯ ತರಗತಿಯಲ್ಲಿ ಹೆಸರು, ಜನ್ಮದಿನ, ತಂದೆ ತಾಯಿಯ ಹೆಸರು ಸರಿ ಇದೆಯೇ ನೋಡಿ ಎಂದು ಟೀಚರ್ ಹಾಳೆ ಕೊಟ್ಟಾಗ ಓದದೆ ಸಹಿ ಹಾಕಬೇಡಿ. ಆಧಾರ್ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ನೋಡಿ. ಈಗ ಐದು ನಿಮಿಷದ ಕೆಲಸ, ಆಮೇಲೆ ತಿಂಗಳುಗಳ ಕೆಲಸ. ಇನ್ನೊಂದು ಮಾತು: ಮೂಲ ಪ್ರಮಾಣಪತ್ರಗಳನ್ನು ಯಾವ ಉದ್ಯೋಗದಾತರ ಬಳಿಯೂ ಒತ್ತೆ ಇಡಬೇಡಿ. ತೋರಿಸಿ, ನಕಲು ಕೊಡಿ, ಮೂಲ ಪ್ರತಿ ಮನೆಗೆ ತನ್ನಿ.

ಕಾಗದದ ಗಡಿಯ ನಂತರ ಭಾಷೆಯ ಗಡಿ. ನನ್ನ ಕೆಲಸದಲ್ಲಿ ಅರೆಬರೆ ಇಂಗ್ಲಿಷಿನಿಂದ ದಿನ ಕಳೆಯುತ್ತದೆ. ರೋಗಿ ತನ್ನ ನೋವನ್ನು ಇಂಗ್ಲಿಷಿನಲ್ಲಿ ಹೇಳುವುದಿಲ್ಲ. ನಮ್ಮ ಅಜ್ಜಿಯಂದಿರನ್ನೇ ನೋಡಿ: ಉರಿ ಬೇರೆ, ಸೆಳೆತ ಬೇರೆ, ಚಳುಕು ಬೇರೆ, ಜೋಮು ಬೇರೆ, ಸಂಕಟ ಬೇರೆ. ಒಂದೊಂದು ಮಾತೂ ಒಂದೊಂದು ಕಾಯಿಲೆಯ ಸುಳಿವು. ಮರಾಠಿಯಲ್ಲಿ ಹೊಟ್ಟೆನೋವಿಗೆ ‘ಪೋಟ್ ದುಖತಂಯ್’ ಎನ್ನುತ್ತಾರೆ. ನಮ್ಮ ಕಿವಿಗೆ ಅದು ದುಃಖ. ಅವರ ‘ತಾಪ್’ ಎಂದರೆ ಜ್ವರ. ಮಲಯಾಳದಲ್ಲಿ ಜ್ವರಕ್ಕೆ ‘ಪನಿ’. ಹಿಂದಿ ಮಾತ್ರ ಗೊತ್ತಿದ್ದವರು ನೀರು ತಂದುಕೊಟ್ಟಾರು. ಅಕ್ಕ ಮೊದಲ ತಿಂಗಳು ಒಂದು ಸಣ್ಣ ಪುಸ್ತಕದಲ್ಲಿ ಇಂಥ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಜೇಬಿನಲ್ಲಿ ಇಟ್ಟುಕೊಂಡಿದ್ದಳು. ವ್ಯಾಕರಣ ತಡವಾಗಿ ಬಂದರೂ ನಡೆಯುತ್ತದೆ, ನೋವಿನ ಪದಗಳು ಮೊದಲು ಬರಬೇಕು ಎಂಬುದು ಅವಳ ಅನುಭವ.

ಮೂರನೆಯದು ಭದ್ರತೆ. ಇಲ್ಲಿ ನಮ್ಮ ಕರಾವಳಿಯ ಒಬ್ಬ ನರ್ಸ್‌ಳನ್ನು ನೆನೆಯಲೇಬೇಕು. ಹೊನ್ನಾವರ ತಾಲೂಕಿನ ಹಳದೀಪುರದ ಅರುಣಾ ಶಾನಭಾಗ ಮುಂಬೈಗೆ ಹೋಗಿ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸ್ ಆದರು. 1973ರ ನವೆಂಬರ್ 27ರಂದು ಆಸ್ಪತ್ರೆಯೊಳಗೇ, ಅಲ್ಲಿನ ಒಬ್ಬ ಕೆಲಸಗಾರ ನಡೆಸಿದ ಕ್ರೂರ ದಾಳಿಯಲ್ಲಿ ಅವರ ಮೆದುಳಿಗೆ ಹಾನಿಯಾಯಿತು. ಮತ್ತೆ ಚೇತರಿಸಿಕೊಳ್ಳಲಿಲ್ಲ. 2015ರ ಮೇ 18ರಂದು ತೀರಿಕೊಳ್ಳುವವರೆಗೆ, ಸುಮಾರು 42 ವರ್ಷ, ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಅಷ್ಟು ಕಾಲವೂ ಅವರನ್ನು ತೊಳೆದು, ಉಣಿಸಿ, ಮಗ್ಗುಲು ಬದಲಿಸಿ ನೋಡಿಕೊಂಡವರು ಅಲ್ಲಿನ ನರ್ಸ್‌ಗಳು. ಹಿರಿಯರು ನಿವೃತ್ತರಾದರು, ಅರುಣಾ ನಡೆದಾಡುವುದನ್ನು ಎಂದೂ ನೋಡದ ಹೊಸಬರು ಬಂದರು, ಸೇವೆ ನಿಲ್ಲಲಿಲ್ಲ. 2011ರ ಮಾರ್ಚ್ 7ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ದಯಾಮರಣದ ಅರ್ಜಿಯನ್ನು ತಿರಸ್ಕರಿಸಿತು. ಅರುಣಾ ಪರವಾಗಿ ಮಾತನಾಡುವ ನಿಜವಾದ ಹತ್ತಿರದವರು ಆ ಆಸ್ಪತ್ರೆಯ ಸಿಬ್ಬಂದಿಯೇ ಎಂದಿತು. ಮೀನು ಎಂದರೆ ಅವರಿಗೆ ಇಷ್ಟ ಎಂಬ ವಿವರವೂ ಆ ತೀರ್ಪಿನಲ್ಲಿ ಬರುತ್ತದೆ. ಕಡಲಿನ ಕಡೆಯವರಾದ ನಮಗೆ ಅದನ್ನು ಓದುವಾಗ ಗಂಟಲು ಕಟ್ಟುತ್ತದೆ.

ಹೆದರಿಸಲಿಕ್ಕೆ ಈ ಕಥೆ ಹೇಳಲಿಲ್ಲ. ಮಗಳನ್ನು ಕಳಿಸಬೇಡಿ ಎಂಬುದು ಇದರ ಪಾಠವಲ್ಲ. ಕೇಳಬೇಕಾದದ್ದನ್ನು ಕೇಳಿ ಕಳಿಸಿ ಎಂಬುದು ಪಾಠ. ಹಾಸ್ಟೆಲ್ ಎಲ್ಲಿದೆ? ರಾತ್ರಿ ಪಾಳಿ ಮುಗಿದಾಗ ವಾಹನ ಇದೆಯೇ? ಬಟ್ಟೆ ಬದಲಿಸುವ ಕೋಣೆಗೆ ಚಿಲಕ ಇದೆಯೇ? 2013ರ ಕಾಯ್ದೆಯ ಪ್ರಕಾರ ಹತ್ತು ಜನರಿರುವ ಪ್ರತಿ ಕೆಲಸದ ಸ್ಥಳದಲ್ಲೂ ಇರಬೇಕಾದ ಆಂತರಿಕ ದೂರು ಸಮಿತಿ ಇದೆಯೇ? ಸಂಬಳವೂ ಕೇಳುವ ವಿಷಯವೇ. ಸುಪ್ರೀಂ ಕೋರ್ಟ್ ಸೂಚನೆಯಂತೆ ಕೇಂದ್ರ ಸರಕಾರ ರಚಿಸಿದ ಸಮಿತಿ 2016ರಲ್ಲಿ, ಐವತ್ತಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್‌ಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು ಎಂದು ಶಿಫಾರಸು ಮಾಡಿತ್ತು. ಏಮ್ಸ್ ಸಂಸ್ಥೆಗಳ ನರ್ಸಿಂಗ್ ಆಫೀಸರ್ ಹುದ್ದೆಗೆ ಏಳನೇ ವೇತನ ಆಯೋಗದಂತೆ ಮೂಲ ವೇತನ 44,900 ರೂಪಾಯಿಯಿಂದ ಶುರು. ಅದಕ್ಕೆ ನಾರ್ಸೆಟ್ ಎಂಬ ಅಖಿಲ ಭಾರತ ಪರೀಕ್ಷೆ ಇದೆ. ನಮ್ಮ ಮಕ್ಕಳು ಅದನ್ನೂ ಬರೆಯಬೇಕು.

ಕೊನೆಯದಾಗಿ ಊರಿನವರಿಗೆ ಒಂದು ವಿನಂತಿ. ನಮ್ಮವರು ಹೊರಗೆ ಹೋದಂತೆ ಹೊರಗಿನವರು ನಮ್ಮಲ್ಲಿಗೆ ಬಂದಿದ್ದಾರೆ. ಮಣಿಪಾಲ, ಉಡುಪಿ, ಕುಂದಾಪುರದ ಆಸ್ಪತ್ರೆಗಳಲ್ಲಿ ಕೇರಳದ ಎಷ್ಟೋ ನರ್ಸ್‌ಗಳು ನಮ್ಮ ಹಿರಿಯರನ್ನು ‘ಎಂತ ಆಯ್ತ್ ಅಮ್ಮ?’ ಎಂದು ನಮ್ಮದೇ ಮಾತಿನಲ್ಲಿ ಕೇಳುತ್ತಾರೆ. ಅವರೂ ಯಾವುದೋ ಊರಿನ ಶಾಲೆಯ ಹಳೆ ವಿದ್ಯಾರ್ಥಿಗಳು. ಅವರ ಉಚ್ಚಾರಕ್ಕೆ ನಗಬೇಡಿ. ಬಾಡಿಗೆ ಮನೆ ಕೇಳಿದರೆ ರಾತ್ರಿ ಪಾಳಿಯ ನೆಪ ಹೇಳಿ ಕಳಿಸಬೇಡಿ. ಅಕ್ಕನಿಗೆ ಅಲ್ಲಿ ಯಾರಾದರೂ ಹಾಗೆ ಮಾಡಿದರೆ ನಮಗೆ ಹೇಗಾಗುತ್ತದೆ ಎಂದು ಒಮ್ಮೆ ಯೋಚಿಸಿದರೆ ಸಾಕು.

ಹಳೆ ವಿದ್ಯಾರ್ಥಿ ಸಂಘಕ್ಕೂ ಒಂದು ಸಲಹೆ. ಈ ಶಾಲೆಯಲ್ಲಿ ಓದಿ ನರ್ಸ್ ಆದವರ ಒಂದು ಪಟ್ಟಿ ಮಾಡೋಣ. ಯಾವ ರಾಜ್ಯದಲ್ಲಿ ಯಾರಿದ್ದಾರೆ ಎಂದು ಗೊತ್ತಿದ್ದರೆ ಹೊಸದಾಗಿ ಹೊರಡುವ ಹುಡುಗಿಗೆ ರೈಲು ಇಳಿಯುವಾಗ ಒಂದು ಪರಿಚಯದ ಮುಖ ಸಿಗುತ್ತದೆ. ಅದಕ್ಕೆ ಬೇಕಾದ ಗಣಕದ ಕೆಲಸ ಪೂರ್ತಿ ನನ್ನದು. ಇಂದೇ ಹೆಸರು ಕೊಡುವವರು ಕಾರ್ಯಕ್ರಮ ಮುಗಿದ ಮೇಲೆ ನನ್ನನ್ನು ಕಾಣಬಹುದು.