ಕೆಚ್ಚಲು ಬಾವು: ಮನೆಮದ್ದಿಗೆ ಮೊದಲ ದಿನವೇ ಸರಿಯಾದ ಕಾಲ
(ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಸದಸ್ಯರನ್ನು ಉದ್ದೇಶಿಸಿ ಮಾಡಿದ ಭಾಷಣ)



ಕಪಿಲೆ, ಕಾವೇರಿ ಬಯಲಿನ ನಮಗೆ ಮೇವಿನ ಕೊರತೆ ಕಡಿಮೆ. ಆದರೆ ಗಂಜಲ ನಿಂತ ಒದ್ದೆ ಕೊಟ್ಟಿಗೆ ಕೆಚ್ಚಲು ಬಾವಿಗೆ ತವರುಮನೆ.

"ಸಾರ್, ಇಂಜೆಕ್ಷನ್ ಬೇಡ, ನಾಟಿ ಔಷಧಿ ಹೇಳಿ" ಎಂದು ನೀವು ಕೇಳುತ್ತೀರಿ. ಹೇಳುತ್ತೇನೆ. ಬೆಂಗಳೂರಿನ ಟ್ರಾನ್ಸ್‌ ಡಿಸಿಪ್ಲಿನರಿ ವಿಶ್ವವಿದ್ಯಾಲಯದ ತಜ್ಞರು ಪರಿಶೀಲಿಸಿದ, ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯೂ ಪ್ರಚಾರ ಮಾಡುತ್ತಿರುವ ಮದ್ದು ಇದು.

ಒಂದು ದಿನಕ್ಕೆ ಬೇಕಾದದ್ದು: ಲೋಳೆಸರ 250 ಗ್ರಾಂ, ಅರಿಶಿನ 50 ಗ್ರಾಂ, ಎಲೆ ಅಡಿಕೆಯ ಸುಣ್ಣ 15 ಗ್ರಾಂ. ಮೂರನ್ನೂ ರುಬ್ಬಿದರೆ ಕೆಂಪು ಮುದ್ದೆಯಾಗುತ್ತದೆ. ಸುಣ್ಣ ಹೆಚ್ಚಾದರೆ ಚರ್ಮ ಸುಡುತ್ತದೆ, ಅಳತೆ ಮೀರಬೇಡಿ. ಕೆಚ್ಚಲಿನ ಹಾಲನ್ನು ಪೂರ್ತಿ ಹಿಂಡಿ ತೆಗೆದು, ತೊಳೆದು, ಒಂದು ಹಿಡಿ ಮುದ್ದೆಯನ್ನು 150–200 ಮಿ.ಲೀ. ನೀರಿನಲ್ಲಿ ಕದಡಿ ಕೆಚ್ಚಲಿಗೆಲ್ಲಾ ಹಚ್ಚಿ. ದಿನಕ್ಕೆ ಹತ್ತು ಸಲ, ಐದು ದಿನ. ಪ್ರತಿ ದಿನ ಹೊಸದಾಗಿ ರುಬ್ಬಿ. ಜೊತೆಗೆ ಮೂರು ದಿನ, ದಿನಕ್ಕೆ ಎರಡು ನಿಂಬೆಹಣ್ಣು ಹೋಳು ಮಾಡಿ ತಿನ್ನಿಸಿ.

ಬೆಳಿಗ್ಗೆ ಒಂದು, ಸಂಜೆ ಒಂದು ಸಲ ಹಚ್ಚಿ "ಗುಣವಾಗಲಿಲ್ಲ" ಎನ್ನಬೇಡಿ. ಹಾಲಿನಲ್ಲಿ ಗರಣೆ ಕಂಡ ದಿನವೇ ಶುರು ಮಾಡಿದರೆ ಮಾತ್ರ ಫಲ. ಅದಕ್ಕೇ ಪ್ರತಿ ಹೊತ್ತೂ ಮೊದಲ ನಾಲ್ಕು ಧಾರೆಯನ್ನು ಕಪ್ಪು ಬಟ್ಟೆಯ ಮೇಲೆ ಕರೆದು ನೋಡಿ.

ಹಸುವಿಗೆ ಜ್ವರ ಬಂದರೆ, ಮೇವು ಬಿಟ್ಟರೆ, ಕೆಚ್ಚಲು ತಣ್ಣಗಾಗಿ ಕಪ್ಪಿಟ್ಟರೆ ಮನೆಮದ್ದೆಂದು ಕಾಯಬೇಡಿ. ಕೂಡಲೇ ವೈದ್ಯರನ್ನು ಕರೆಸಿ. ಆಗ ಇಂಜೆಕ್ಷನ್ನೇ ಜೀವ ಉಳಿಸುವುದು. ಶುರುಮಾಡಿದ ಔಷಧಿಯನ್ನು ಅರ್ಧಕ್ಕೆ ನಿಲ್ಲಿಸಲೂಬೇಡಿ.

ಈಗ ಸ್ವಲ್ಪ ಕಹಿ ಮಾತು. ಆಂಟಿಬಯಾಟಿಕ್ ಕೊಟ್ಟ ಹಸುವಿನ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಸಂಘಕ್ಕೆ ಹಾಕಬಾರದು. ಕಾಯಿಸಿದರೂ ಔಷಧಿಯ ಅಂಶ ಹೋಗದು. ಅಂಥ ಹಾಲು ಸರಿಯಾಗಿ ಹೆಪ್ಪಾಗುವುದಿಲ್ಲ. ನಿಮ್ಮ ಒಂದು ಪಾತ್ರೆಯ ಹಾಲು ಊರಿನವರೆಲ್ಲರ ಹಾಲಿನೊಡನೆ ಬೆರೆತು, ಯಾರದೋ ಮನೆಯ ಮಗುವಿನ ಲೋಟ ಸೇರುತ್ತದೆ. ಎರಡು ಮೂರು ದಿನದ ಬಟವಾಡೆ ಹೋಗುವುದು ಕಷ್ಟವೇ, ನಾನು ಬಲ್ಲೆ. ಆ ನಷ್ಟ ತಪ್ಪಬೇಕಾದರೆ ರೋಗವೇ ಬಾರದಂತೆ ನೋಡಿಕೊಳ್ಳಿ.

ಕೊಟ್ಟಿಗೆ ಒಣಗಿರಲಿ. ಬಾವು ಬಂದ ಹಸುವನ್ನು ಕಡೆಯಲ್ಲಿ ಕರೆಯಿರಿ, ಆ ಹಾಲನ್ನು ನೆಲಕ್ಕೆ ಹಿಂಡಬೇಡಿ. ಕರೆದ ನಂತರ ಅರ್ಧ ಗಂಟೆ ತೊಟ್ಟಿನ ಬಾಯಿ ತೆರೆದಿರುತ್ತದೆ. ಹಸು ಮಲಗದಂತೆ ಮುಂದೆ ಒಂದು ಹಿಡಿ ಹುಲ್ಲು ಹಾಕಿ.

ಹಿತ್ತಿಲಲ್ಲಿ ಒಂದು ಲೋಳೆಸರ ಗಿಡ ಇಂದೇ ನೆಡಿ.