ಗ್ಲೌಸ್ ಹಾಕಿದರೂ ಕೈ ತೊಳೆಯಲೇಬೇಕು
(ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮಲ್ಲಿ ಹಲವರು ವೃದ್ಧಾಶ್ರಮಗಳಲ್ಲಿ ಆಯಾಗಳಾಗಿ ದುಡಿಯುತ್ತಿದ್ದೇವೆ. ಇವತ್ತು ನಮ್ಮ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇವೆ. "ಗ್ಲೌಸ್ ಹಾಕ್ಕೊಂಡಿದ್ದೀವಲ್ಲ, ಕೈ ಯಾಕೆ ತೊಳೀಬೇಕು?" ಅಂತ ನಾವೂ ಅಂದುಕೊಂಡಿದ್ದೆವು. ಭೇದಿಯಾಗಿದ್ದ ಒಬ್ಬ ಅಜ್ಜಿಯ ಬಟ್ಟೆ ಬದಲಾಯಿಸಿ, ಅದೇ ಗ್ಲೌಸ್‌ನಲ್ಲಿ ಪಕ್ಕದ ಮಂಚದ ಅಜ್ಜಿಯನ್ನು ಎಬ್ಬಿಸಿ ಕೂರಿಸಿದೆವು. ಎರಡೇ ದಿನದಲ್ಲಿ ಅವರಿಗೂ ಭೇದಿ. ವಯಸ್ಸಾದವರ ಮೈಯಲ್ಲಿ ನೀರು ಬೇಗ ಕಡಿಮೆಯಾಗುತ್ತದೆ, ಪ್ರಾಣಕ್ಕೇ ಅಪಾಯ.

ಗ್ಲೌಸ್‌ಗೆ ಅಂಟಿದ ರೋಗಾಣು ಮುಂದಿನವರಿಗೆ ಹೋಗುತ್ತದೆ. ಗ್ಲೌಸ್‌ನಲ್ಲಿ ಕಣ್ಣಿಗೆ ಕಾಣದ ತೂತು ಇರಬಹುದು. ತೆಗೆಯುವಾಗಲೂ ಕೈಗೆ ಅಂಟುತ್ತದೆ. ಹಾಗಾಗಿ ಒಬ್ಬರಿಗೆ ಹಾಕಿದ್ದನ್ನು ಇನ್ನೊಬ್ಬರಿಗೆ ಬಳಸಬಾರದು. ತೆಗೆದ ಕೂಡಲೇ ಕೈ ತೊಳೆಯಬೇಕು.

ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿ ಕೈ ಶುದ್ಧಿಗೆ 5 ಸಂದರ್ಭಗಳನ್ನು ಹೇಳುತ್ತದೆ:
1. ರೋಗಿಯನ್ನು ಮುಟ್ಟುವ ಮೊದಲು
2. ಗಾಯಕ್ಕೆ ಪಟ್ಟಿ ಕಟ್ಟುವಂಥ ಕೆಲಸದ ಮೊದಲು
3. ರಕ್ತ, ಮಲಮೂತ್ರ ತಾಗಬಹುದಾದ ಕೆಲಸದ ನಂತರ
4. ರೋಗಿಯನ್ನು ಮುಟ್ಟಿದ ನಂತರ
5. ಅವರ ಮಂಚ, ಹಾಸಿಗೆ, ಸಾಮಾನು ಮುಟ್ಟಿದ ನಂತರ

ಉಂಗುರ ತೆಗೆದಿಟ್ಟು, ಬಳೆ ಮೇಲೇರಿಸಿ, ಬೆರಳ ಸಂದಿ, ಹೆಬ್ಬೆರಳು, ಉಗುರು ಬಿಡದೆ ಸೋಪು ಹಚ್ಚಿ ತೊಳೆದು ಒರೆಸಿಕೊಳ್ಳಲು 40ರಿಂದ 60 ಸೆಕೆಂಡು ಸಾಕು. ಕೈ ಕೊಳೆಯಾಗಿಲ್ಲದಿದ್ದರೆ ಸ್ಯಾನಿಟೈಸರ್ ನಡೆಯುತ್ತದೆ. ಭೇದಿಯವರ ಸೇವೆ ಮಾಡಿದ ಮೇಲೆ ಮಾತ್ರ ಸೋಪು-ನೀರೇ ಬೇಕು.

ಸೋಪು ಇಲ್ಲವೇ? ಕೇಳೋಣ. ಸಾಲಕ್ಕಾಗಿ ಬ್ಯಾಂಕಿನ ಮುಂದೆ ಒಟ್ಟಾಗಿ ನಿಂತವರು ನಾವು, ಒಂದು ಸೋಪು ಕೇಳೋಕೆ ಸಂಕೋಚ ಯಾಕೆ?